ಬಾಲ್ಸಾ ಕೈಗ್ಲೈಡರ್ ಕಿಟ್: ಎರಡು ಮಳೆಗಾಲ ಕಂಡ ಮೇಲಿನ ವಿಮರ್ಶೆ

ಡಬ್ಬಿ ತೆರೆದ ದಿನವೇ ಮೈದಾನಕ್ಕೆ ಓಡಬೇಕು ಎನ್ನುವವರಿಗೆ ಈ ಕಿಟ್ ಹೇಳಿ ಮಾಡಿಸಿದ್ದಲ್ಲ. ಅಂಥವರು ಆಟಿಕೆ ಅಂಗಡಿಗಳಲ್ಲಿ ನೇತುಹಾಕಿರುವ ಫೋಮ್ ವಿಮಾನವನ್ನೇ ತೆಗೆದುಕೊಳ್ಳಲಿ. ಅದು ಗೋಡೆಗೆ ಬಡಿದರೂ ಬದುಕುತ್ತದೆ. ಬಾಲವನ್ನು ಒಂದು ಸೀಳಿಗೆ ಸಿಕ್ಕಿಸಿದರೆ ಲಾಗ ಹಾಕುತ್ತದೆ, ಇನ್ನೊಂದಕ್ಕೆ ಸಿಕ್ಕಿಸಿದರೆ ನೇರ ಹೋಗುತ್ತದೆ. ನಾನು ಬರೆಯಹೊರಟಿರುವುದು ಬಾಲ್ಸಾ ಮರದ ಗ್ಲೈಡರಿನ ಬಗ್ಗೆ. ರೆಕ್ಕೆಯ ತುದಿಯಿಂದ ತುದಿಗೆ 45 ಸೆಂ.ಮೀ. ಮೋಟರ್ ಇಲ್ಲ, ರಿಮೋಟ್ ಇಲ್ಲ, ಚಿಮ್ಮಿಸಲು ರಬ್ಬರ್ ಬ್ಯಾಂಡ್ ಕೂಡ ಇಲ್ಲ. ಕೈಯಿಂದ ಬಿಟ್ಟ ಮೇಲೆ ಅದರ ಪಾಡು ಅದಕ್ಕೆ. ಬೆಲೆ ನಾಲ್ಕುನೂರು ರೂಪಾಯಿಯ ಆಸುಪಾಸು. ಡಬ್ಬಿಯ ಮೇಲೆ ತಯಾರಕರ ಹೆಸರೇ ಇಲ್ಲ. ಹೀಗಾಗಿ ಹೊಗಳಿಕೆಯೂ ತೆಗಳಿಕೆಯೂ ಅನಾಮಧೇಯರಿಗೇ ಸೇರುತ್ತದೆ.

ಒಳಗಿರುವ ಸಾಮಾನು ಹೆಚ್ಚೇನಿಲ್ಲ. ಎರಡು ರೆಕ್ಕೆ, ಬಾಲದ ಅಡ್ಡಪಟ್ಟಿ, ನಿಂತಿರುವ ಪಟ್ಟಿ, ಒಡಲಿಗೆ ಒಂದು ಗಟ್ಟಿ ಕಡ್ಡಿ, ಮೂತಿಗೆ ಮೆತ್ತಲು ಕ್ಲೇ, ಒಂದು ಪುಟದ ಸೂಚನೆ. ಲೇಸರ್ ಕತ್ತರಿಕೆ ಅಚ್ಚುಕಟ್ಟಾಗಿದೆ. ದೂರು ಇರುವುದು ಮರದ ಆಯ್ಕೆಯ ಮೇಲೆ. ಬಾಲ್ಸಾ ಎಂದರೆ ಎಲ್ಲವೂ ಹಗುರ ಎಂದುಕೊಳ್ಳಬೇಡಿ. ಒಂದು ಘನ ಮೀಟರಿಗೆ 100 ಕೆ.ಜಿ.ಯೂ ತೂಗದ ಹಲಗೆಯೂ ಅದೇ, 200 ಕೆ.ಜಿ. ದಾಟುವ ಹಲಗೆಯೂ ಅದೇ. ಅಕ್ಕಸಾಲಿಗರು ಬಳಸುವಂಥ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿದಾಗ ನನ್ನ ಕಿಟ್ಟಿನ ಎರಡು ರೆಕ್ಕೆಗಳ ನಡುವೆ ಒಂದು ಗ್ರಾಂಗೂ ಹೆಚ್ಚು ವ್ಯತ್ಯಾಸವಿತ್ತು. ಇಡೀ ವಿಮಾನವೇ ಮೂವತ್ತು ಗ್ರಾಂ ಒಳಗಿರುವಾಗ ಇದು ಸಣ್ಣ ಮಾತಲ್ಲ. ಭಾರದ ರೆಕ್ಕೆಯನ್ನು ಎಡಕ್ಕೆ ಹಾಕಿದೆ. ಯಾಕೆ ಎಂಬುದು ಮುಂದೆ ಬರುತ್ತದೆ.

ರೆಕ್ಕೆಗಳು ಚಪ್ಪಟೆ ಹಲಗೆಯಾಗಿಯೇ ಬರುತ್ತವೆ. "ಅಂಚುಗಳನ್ನು ಉರುಟಾಗಿಸಿ" ಎಂದಷ್ಟೇ ಬರೆದು ಸೂಚನಾ ಹಾಳೆ ಕೈತೊಳೆದುಕೊಂಡಿದೆ. ಅಷ್ಟು ಸಾಲದು. ರೆಕ್ಕೆಯ ಅತಿ ದಪ್ಪ ಭಾಗ ಮುಂದಂಚಿನಿಂದ ಸುಮಾರು ಮೂರನೇ ಒಂದು ಭಾಗ ಹಿಂದೆ ಬರಬೇಕು, ಅಲ್ಲಿಂದ ಹಿಂದಂಚಿನವರೆಗೆ ಇಳಿಜಾರಾಗಿ ತೆಳುವಾಗಬೇಕು. 120ರ ಉಪ್ಪುಕಾಗದದಲ್ಲಿ ಶುರು ಮಾಡಿ 320ರಲ್ಲಿ ಮುಗಿಸಿ. ಕಾಗದವನ್ನು ಬೆರಳಿಗೆ ಸುತ್ತಿಕೊಂಡು ಉಜ್ಜಿದರೆ ಮೇಲ್ಮೈಯಲ್ಲಿ ಹಳ್ಳ ಬೀಳುತ್ತದೆ. ಮರದ ತುಂಡಿಗೆ ಅಂಟಿಸಿಕೊಂಡು ಉಜ್ಜಬೇಕು. ಧೂಳು ಮನೆಯ ತುಂಬ ಹಾರುತ್ತದೆ, ಆದ್ದರಿಂದ ಬಾಲ್ಕನಿಯಲ್ಲಿ ಕೂರುವುದು ಮನೆಯ ಶಾಂತಿಗೆ ಒಳ್ಳೆಯದು. ಚಪ್ಪಟೆ ರೆಕ್ಕೆಗೂ ಹೀಗೆ ಉಜ್ಜಿದ ರೆಕ್ಕೆಗೂ ಇರುವ ಅಂತರ ಮೊದಲ ಎಸೆತದಲ್ಲೇ ಕಣ್ಣಿಗೆ ಬೀಳುತ್ತದೆ.

ಇನ್ನು ಎಸೆತ. ಲೆಕ್ಕ ಸರಳ: ಏರುವ ಎತ್ತರ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಗಾಳಿಯ ತಡೆಯನ್ನು ಬದಿಗಿಟ್ಟರೆ, ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಎಸೆದದ್ದು 11 ಮೀಟರ್ ಏರಬಹುದು, 20 ಮೀಟರ್ ವೇಗದಲ್ಲಿ ಎಸೆದದ್ದು 20 ಮೀಟರ್ ಏರಬಹುದು. ಗ್ಲೈಡರ್ ಸೆಕೆಂಡಿಗೆ 60 ಸೆಂ.ಮೀ. ಇಳಿಯುತ್ತದೆ ಎಂದು ಹಿಡಿದರೆ ಮೊದಲನೆಯದಕ್ಕೆ 18 ಸೆಕೆಂಡು, ಎರಡನೆಯದಕ್ಕೆ 33. ಈ ಲೆಕ್ಕ ನೋಡಿದವರೆಲ್ಲ ತೋಳಿನ ಬಲದ ಹಿಂದೆ ಬೀಳುತ್ತಾರೆ. ನನ್ನ ಅನುಭವದಲ್ಲಿ ಕಾಲ ಸೋರಿಹೋಗುವುದು ಎಸೆತದಲ್ಲಲ್ಲ, ತುದಿಯಲ್ಲಿ. ಏರಿಕೆ ಮುಗಿದು ತೇಲಾಟ ಶುರುವಾಗುವ ಆ ಒಂದು ಕ್ಷಣದಲ್ಲಿ ವಿಮಾನ ತಡವರಿಸಿ ಐದು ಮೀಟರ್ ಕುಸಿದರೆ ಎಂಟು ಸೆಕೆಂಡು ನೀರಿನಲ್ಲಿ ಹೋಮ.

ಇದಕ್ಕೆ ಸಾಕ್ಷಿ ಮೈದಾನದಲ್ಲೇ ಸಿಕ್ಕಿತು. ಕ್ರಿಕೆಟ್ ಆಡುವ ಹುಡುಗರಲ್ಲಿ ಒಬ್ಬ, "ಅಂಕಲ್, ಒಂದು ಸಲ ಕೊಡಿ, ನಾನು ಎಸೆದರೆ ಎಲ್ಲಿಗೆ ಹೋಗುತ್ತದೆ ನೋಡಿ" ಎಂದ. ಕೊಟ್ಟೆ. ಬೌಂಡರಿಯಿಂದ ವಿಕೆಟ್ ಕೀಪರ್ ಕೈಗೆ ನೇರ ಚೆಂಡು ಮುಟ್ಟಿಸುವ ತೋಳು ಅವನದು. ರೆಕ್ಕೆಗಳನ್ನು ಸಮವಾಗಿ ಹಿಡಿದು ನೆಟ್ಟಗೆ ಎಸೆದ. ಗ್ಲೈಡರ್ ನನ್ನ ಎಸೆತಕ್ಕಿಂತ ಒಂದು ಮಹಡಿಯಷ್ಟು ಮೇಲೆ ಹೋಯಿತು, ಅಲ್ಲಿ ಮೂತಿ ಆಕಾಶಕ್ಕೆ ಮಾಡಿ ನಿಂತೇಬಿಟ್ಟಿತು, ಆಮೇಲೆ ಮುಗ್ಗರಿಸುತ್ತ, ಏಳುತ್ತ, ಮತ್ತೆ ಮುಗ್ಗರಿಸುತ್ತ ಕೆಳಗೆ ಬಂತು. ನನ್ನ ಸಾಧಾರಣ ಎಸೆತದ ಅರ್ಧ ಹೊತ್ತೂ ಅದು ಗಾಳಿಯಲ್ಲಿರಲಿಲ್ಲ. ಮರುಕ್ಷಣವೇ ಬಲಕ್ಕೆ ವಾಲಿಸಿ ಹಿಡಿಯುವುದನ್ನು ತೋರಿಸಿಕೊಟ್ಟೆ. ಈಗ ಅವನು ನನಗಿಂತ ಚೆನ್ನಾಗಿ ಹಾರಿಸುತ್ತಾನೆ, ಅದು ಬೇರೆ ಮಾತು.

ಸೂಚನಾ ಹಾಳೆಯ ದೊಡ್ಡ ದೋಷ ಇರುವುದೂ ಇಲ್ಲೇ. ಮೂತಿಗೆ ಕ್ಲೇ ಪೂರ್ತಿ ಮೆತ್ತಿ, ಬಾಲದ ಹಿಂದಂಚನ್ನು ಮೇಲಕ್ಕೆ ಬಗ್ಗಿಸಿ ಎನ್ನುತ್ತದೆ ಅದು. ಭುಜದೆತ್ತರದಿಂದ ಮೆಲ್ಲಗೆ ತಳ್ಳಿದಾಗ ಇದು ಸೊಗಸಾಗಿಯೇ ತೇಲುತ್ತದೆ. ಬಲವಾಗಿ ಎಸೆದರೆ ಮಾತ್ರ ತಲೆಯ ಮೇಲೆ ಒಂದು ಲಾಗ ಹಾಕಿ ಬೆನ್ನ ಹಿಂದೆ ನೆಲಕ್ಕೆ ಗುದ್ದುತ್ತದೆ. ಕಾರಣ ಇಷ್ಟೇ: ಇಂಥ ಗ್ಲೈಡರ್ ತೇಲುವಾಗ ಸೆಕೆಂಡಿಗೆ ಸುಮಾರು 5 ಮೀಟರ್ ಸಾಗುತ್ತದೆ, ಎಸೆದಾಗ 20. ವೇಗ ನಾಲ್ಕು ಪಟ್ಟಾದರೆ ಗಾಳಿಯ ಒತ್ತಡ ಹದಿನಾರು ಪಟ್ಟು. ಬಾಲ ಹದಿನಾರು ಪಟ್ಟು ಬಲದಿಂದ ಮೂತಿಯನ್ನು ಎತ್ತುತ್ತದೆ. ಅದನ್ನು ಹಿಡಿದಿಡಬೇಕಾದ ಕ್ಲೇಯ ತೂಕ ಇದ್ದಷ್ಟೇ ಇರುತ್ತದೆ. ಪರಿಹಾರವೂ ಅದರಲ್ಲೇ ಇದೆ. ಕ್ಲೇಯನ್ನು ಸಾಸಿವೆ ಕಾಳಿನಷ್ಟು ಕಿತ್ತು, ಬಾಲವನ್ನು ಅಷ್ಟೇ ತುಸು ಕೆಳಗಿಳಿಸಿ, ಮತ್ತೆ ಮೆಲ್ಲಗೆ ತಳ್ಳಿ ನೋಡುವುದು. ಹೀಗೆ ಹೋಗುತ್ತ ಹೋಗುತ್ತ ನನ್ನ ಗ್ಲೈಡರಿನ ತೂಕದ ಸಮತೋಲ ಬಿಂದು ರೆಕ್ಕೆಯ ಅಗಲದ ನಡುವಿಗಿಂತ ತುಸು ಹಿಂದಕ್ಕೆ ಬಂದು ನಿಂತಿತು, ಲಾಗ ನಿಂತಿತು. ಅತಿ ಮಾಡಬಾರದು, ಬಿಂದು ತೀರಾ ಹಿಂದೆ ಸರಿದರೆ ಒಮ್ಮೆ ಮೂತಿ ಕೆಳಗಾದ ವಿಮಾನ ಮತ್ತೆ ತಲೆ ಎತ್ತುವುದಿಲ್ಲ.

ಲಾಗ ಹೋದ ಮೇಲೆ ತಿರುವು. ಬಲಗೈಯವರ ಕ್ರಮ ಹೀಗೆ: ಗಾಳಿ ಬರುವ ದಿಕ್ಕಿಗಿಂತ ಸ್ವಲ್ಪ ಬಲಕ್ಕೆ ಮುಖ ಮಾಡಿ, ವಿಮಾನವನ್ನು ಬಲಕ್ಕೆ ಮೂವತ್ತು ನಲವತ್ತು ಡಿಗ್ರಿ ವಾಲಿಸಿ, ಮೂತಿಯನ್ನು 45 ಡಿಗ್ರಿಗಿಂತ ತುಸು ಮೇಲಕ್ಕೆತ್ತಿ ಎಸೆಯಬೇಕು. ಅದು ಬಲಕ್ಕೆ ಬಾಗುತ್ತ ಏರಿ, ತುದಿಯಲ್ಲಿ ತಾನಾಗಿ ಎಡಕ್ಕೆ ಹೊರಳಿ, ಎಡಸುತ್ತಿನಲ್ಲಿ ತೇಲಲು ಶುರು ಮಾಡಬೇಕು. ಆ ಹೊರಳಿಕೆಯನ್ನು ಬಾಲದ ನಿಂತ ಪಟ್ಟಿಯನ್ನು ಬಗ್ಗಿಸಿ ತರಲು ಹೋದರೆ ಎಸೆದ ಕೂಡಲೇ ಅದರ ಹದಿನಾರು ಪಟ್ಟು ಪ್ರಭಾವ ಎದುರಾಗಿ ಗ್ಲೈಡರ್ ಎಡಕ್ಕೆ ಸುರುಳಿ ಸುತ್ತಿ ನೆಲ ಸೇರುತ್ತದೆ. ತೂಕ ಬಳಸುವುದು ಜಾಣತನ. ಎಡರೆಕ್ಕೆಯ ತುದಿಯಲ್ಲಿ ಚಿಟಿಕೆ ಕ್ಲೇ ಇದ್ದರೆ ಎಸೆತದ ವೇಗದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ, ವೇಗ ಇಳಿದಾಗ ಮಾತ್ರ ಕೆಲಸ ಮಾಡುತ್ತದೆ. ಭಾರದ ರೆಕ್ಕೆಯನ್ನು ನಾನು ಎಡಕ್ಕೆ ಹಾಕಿದ್ದು ಇದಕ್ಕೇ. ಜೊತೆಗೆ, ಹಿಂದಿನಿಂದ ನೋಡಿದಾಗ ಬಾಲದ ಅಡ್ಡಪಟ್ಟಿಯ ಎಡತುದಿ ಸ್ವಲ್ಪ ಮೇಲಿರುವಂತೆ ಓರೆಯಾಗಿ ಅಂಟಿಸಿದ್ದೇನೆ. ಎತ್ತರದ ತುದಿ ಯಾವ ಕಡೆಗಿರುತ್ತದೋ ವಿಮಾನ ಆ ಕಡೆಗೆ ತಿರುಗುತ್ತದೆ. ಸುತ್ತು ಬಿಗಿಯಾಗಿ ಎಡರೆಕ್ಕೆ ಕುಸಿಯುವಂತೆ ಕಂಡರೆ ಅದರ ಹಿಂದಂಚಿನ ಮೇಲೆ ಬಾಯಿಂದ ಬಿಸಿಯುಸಿರು ಬಿಟ್ಟು, ಎರಡು ಬೆರಳಲ್ಲಿ ಹಿಡಿದು ಒಂದು ಮಿಲಿಮೀಟರಿನಷ್ಟು ಕೆಳಕ್ಕೆ ತಿರುಚಿ, ಹತ್ತು ಎಣಿಸುವವರೆಗೆ ಹಾಗೇ ಹಿಡಿದಿರಿ. ಬಾಲ್ಸಾ ಆ ಆಕಾರದಲ್ಲೇ ನಿಲ್ಲುತ್ತದೆ.

ಹಿಡಿತದ ಬಗ್ಗೆ ಎರಡು ಮಾತು. ಹೆಬ್ಬೆರಳು ಮತ್ತು ನಡುಬೆರಳು ರೆಕ್ಕೆಯ ಕೆಳಗೆ ಒಡಲನ್ನು ಹಿಡಿಯಬೇಕು, ತೋರುಬೆರಳು ಬಲರೆಕ್ಕೆಯ ಬುಡದಲ್ಲಿ ಹಿಂದಂಚಿಗೆ ಒತ್ತಿಕೊಂಡಿರಬೇಕು. ತಳ್ಳುವುದು ಆ ಬೆರಳೇ. ಕಿಟ್ಟಿನಲ್ಲಿ ಬೆರಳಿಗೆ ಆಸರೆಯೇ ಇಲ್ಲ, ತೆಳು ಅಂಚು ಬಹುಬೇಗ ಸೀಳುತ್ತದೆ, ಹಳೆಯ ಎ.ಟಿ.ಎಂ. ಕಾರ್ಡಿನಿಂದ ಉಗುರಿನಷ್ಟು ತುಂಡು ಕತ್ತರಿಸಿ ಅಂಟಿಸಿಕೊಳ್ಳಿ. ನಾಲ್ಕೈದು ಹೆಜ್ಜೆ ಓಡಿ, ಸೊಂಟ ತಿರುಗಿಸಿ ಎಸೆಯಿರಿ. ಬರೀ ಭುಜದಿಂದ ಎಸೆಯುವವರು ಮಾರನೆಯ ದಿನ ಬಾಚಣಿಗೆ ಎತ್ತಲೂ ಒದ್ದಾಡುತ್ತಾರೆ.

ಬೆಂಗಳೂರಿನ ಗಾಳಿಗೆ ಅದರದೇ ಗುಣವಿದೆ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ಸುಮಾರು ಶೇ 10ರಷ್ಟು ತೆಳು. ಏರುವಾಗ ತಡೆ ಕಡಿಮೆ, ಇಳಿಯುವಾಗ ವೇಗ ಶೇ 5ರಷ್ಟು ಹೆಚ್ಚು. ಒಟ್ಟಿನಲ್ಲಿ ಲಾಭನಷ್ಟ ಸರಿಹೋಗುತ್ತದೆ. ಆಷಾಢದಲ್ಲಿ ಗಾಳಿಪಟಕ್ಕೆ ಹಬ್ಬ, ನಮಗೆ ರಜೆ. ಪಶ್ಚಿಮದಿಂದ ಬೀಸುವ ಆ ಗಾಳಿಯಲ್ಲಿ ಮೂವತ್ತು ಗ್ರಾಂ ಮರ ಎರಡು ರಸ್ತೆ ದಾಟಿ ಯಾರದೋ ತಾರಸಿ ಸೇರುತ್ತದೆ. ಡಿಸೆಂಬರಿನಿಂದ ಮಾರ್ಚಿನವರೆಗಿನ ಬೆಳಗುಗಳು ಚಿನ್ನ. ಟ್ರಿಮ್ ಮಾಡಲು, ಅಂದರೆ ಮೇಲೆ ಹೇಳಿದಂತೆ ಕ್ಲೇ, ಬಾಲ, ರೆಕ್ಕೆಗಳನ್ನು ತುಸುತುಸುವೇ ಹೊಂದಿಸಿಕೊಳ್ಳಲು, ಏಳು ಗಂಟೆಯೊಳಗಿನ ನಿಶ್ಚಲ ಗಾಳಿ ಬೇಕು; ಆಗ ಬರುವ ಸಮಯವೇ ವಿಮಾನದ ನಿಜವಾದ ಯೋಗ್ಯತೆ. ಕೊಂಡ ಹೊಸದರಲ್ಲಿ 12 ಸೆಕೆಂಡು ತೇಲುತ್ತಿದ್ದದ್ದು ಈಗ ಅಂಥ ಗಾಳಿಯಲ್ಲಿ 30ರ ಆಸುಪಾಸು ನಿಲ್ಲುತ್ತದೆ. ನನ್ನ ತೋಳಿಗೆ ಈ ಅವಧಿಯಲ್ಲಿ ವಯಸ್ಸಾಗಿದೆಯೇ ಹೊರತು ಬಲ ಬಂದಿಲ್ಲ.

ಒಂಬತ್ತು ಗಂಟೆ ದಾಟಿದ ಮೇಲೆ ಆಟವೇ ಬೇರೆ. ಕಾದ ನೆಲದಿಂದ ಬಿಸಿಗಾಳಿ ಮೇಲೇಳುತ್ತದೆ, ಹದ್ದುಗಳು ರೆಕ್ಕೆ ಬಡಿಯದೆ ಸುತ್ತಲು ತೊಡಗುತ್ತವೆ. ಬಿದಿರು ಕೋಲಿನ ತುದಿಗೆ ಹಳೆಯ ಕ್ಯಾಸೆಟ್ಟಿನ ಟೇಪನ್ನು ಒಂದು ಮಾರುದ್ದ ಕಟ್ಟಿ ನೆಟ್ಟಿರುತ್ತೇನೆ. ಗಾಳಿ ಸತ್ತಂತಾಗಿ, ಕೆನ್ನೆಗೆ ಬೆಚ್ಚಗಾಗಿ, ಜೋತುಬಿದ್ದ ಟೇಪು ಮೆಲ್ಲಗೆ ಮೇಲೇಳತೊಡಗಿದರೆ ಅದೇ ಮುಹೂರ್ತ. ಸರಿಯಾಗಿ ಹೊಕ್ಕರೆ ಒಂದು ನಿಮಿಷ ದಾಟುತ್ತದೆ. ದಾಟಿದರೆ ಕಾಣೆಯಾಗುವ ಅಪಾಯವೂ ಇದೆ: ನಿಗದಿತ ಹೊತ್ತಿನ ನಂತರ ಬಾಲವನ್ನೋ ರೆಕ್ಕೆಯನ್ನೋ ಓರೆ ಮಾಡಿ ವಿಮಾನವನ್ನು ಕೆಳಗಿಳಿಸುವ ಡಿ.ಟಿ. ಎಂಬ ವ್ಯವಸ್ಥೆ ಸ್ಪರ್ಧೆಯ ಗ್ಲೈಡರುಗಳಲ್ಲಿರುತ್ತದೆ, ಈ ಕಿಟ್ಟಿನಲ್ಲಿಲ್ಲ. ರೆಕ್ಕೆಯ ಕೆಳಗೆ ಫೋನ್ ನಂಬರ್ ಬರೆದಿಡಿ. ಜಕ್ಕೂರು, ಯಲಹಂಕದಂಥ ವಿಮಾನ ನೆಲೆಗಳ ಸುತ್ತಮುತ್ತ ಹಾರಿಸುವ ಸಾಹಸವೇ ಬೇಡ.

ಬಾಳಿಕೆ ಪರವಾಗಿಲ್ಲ. ಮುರಿದದ್ದನ್ನೆಲ್ಲ ಫೆವಿಕ್ವಿಕ್ ಒಂದು ಹನಿಯಲ್ಲಿ ಸೇರಿಸುತ್ತದೆ, ಹನಿ ಎರಡಾದರೆ ತೂಕ ಏರುತ್ತದೆ. ನಿಜವಾದ ಶತ್ರು ತೇವ. ಬಣ್ಣ ಹಚ್ಚದ ಬಾಲ್ಸಾ ಮಳೆಗಾಲದಲ್ಲಿ ತಾನೇ ತಿರುಚಿಕೊಳ್ಳುತ್ತದೆ, ಅಕ್ಟೋಬರಿನಲ್ಲಿ ಹೊರತೆಗೆದಾಗ ಹಿಂದಿನ ಟ್ರಿಮ್ ಎಲ್ಲ ಅಳಿಸಿಹೋಗಿರುತ್ತದೆ. ಮರಗೆಲಸದವರು ಬಳಸುವ ಸ್ಯಾಂಡಿಂಗ್ ಸೀಲರನ್ನು ತೆಳುವಾಗಿ ಎರಡು ಸಲ ಹಚ್ಚಿ, ನಡುವೆ ಉಜ್ಜಿದರೆ ಎರಡನೆಯ ಮಳೆಗಾಲ ಸುಸೂತ್ರವಾಗಿ ಕಳೆಯುತ್ತದೆ.

ರೆಕ್ಕೆಯ ತುದಿ ಹಿಡಿದು ಗಿರ್ರನೆ ಸುತ್ತಿ ಎಸೆಯುವ ಡಿಸ್ಕಸ್ ಮಾದರಿಯ ರೇಡಿಯೊ ಗ್ಲೈಡರುಗಳಿಗೆ ಹೋಗಬಾರದೇ ಎಂದು ಕೆಲವರು ಕೇಳುತ್ತಾರೆ. ಎಫ್3ಕೆ ಎಂಬ ಅಂತರರಾಷ್ಟ್ರೀಯ ವರ್ಗದಲ್ಲಿ ರೆಕ್ಕೆಗೆ 1.5 ಮೀಟರ್, ತೂಕಕ್ಕೆ 600 ಗ್ರಾಂ ಮಿತಿ. ಏರುವ ಎತ್ತರ ಇದರ ಎರಡು ಮೂರು ಪಟ್ಟು, ಖರ್ಚು ಮಾತ್ರ ಎಷ್ಟೋ ಪಟ್ಟು. ಅದರಲ್ಲಿ ಟ್ರಿಮ್ ತಪ್ಪಿದರೆ ಬೆರಳು ಸರಿಪಡಿಸುತ್ತದೆ. ಇದರಲ್ಲಿ ಎಲ್ಲವನ್ನೂ ಬಿಡುವ ಮೊದಲೇ ಮಾಡಿ ಮುಗಿಸಿರಬೇಕು, ನನಗೆ ರುಚಿಸುವುದು ಅದೇ.

ಐದಕ್ಕೆ ಮೂರೂವರೆ ನಕ್ಷತ್ರ ಕೊಡುತ್ತೇನೆ. ಅರ್ಧ ನಕ್ಷತ್ರ ಮರಕ್ಕಾಗಿ ಕಳೆದದ್ದು, ಒಂದು ಪೂರ್ತಿ ಆ ಸೂಚನಾ ಹಾಳೆಗೆ. ಕೊಳ್ಳುವುದಾದರೆ ಆನ್‌ಲೈನಿನಲ್ಲಿ ಬೇಡ, ಅಂಗಡಿಗೇ ಹೋಗಿ ಮೂರು ನಾಲ್ಕು ಡಬ್ಬಿ ತೆಗೆಸಿ. ಹಗುರವಾಗಿರುವ ಡಬ್ಬಿ ಆರಿಸಿ, ಒಡಲಿನ ಕಡ್ಡಿಯನ್ನು ಮಾತ್ರ ಬೆರಳಲ್ಲಿ ಸ್ವಲ್ಪ ಬಾಗಿಸಿ ನೋಡಿ. ಸುಲಭವಾಗಿ ಬಾಗಿದರೆ ಎಸೆತದಲ್ಲಿ ಬಾಲ ಅಲ್ಲಾಡಿ ಏರಿಕೆ ಕೆಡುತ್ತದೆ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ, ತಕ್ಕಡಿ ಜೇಬಿನಲ್ಲೇ ಇರಲಿ.