ಟರ್ಬೊ ಎಂಜಿನ್‌ನ ವ್ಯಾಕ್ಯೂಮ್ ಲೈನ್: ರಬ್ಬರ್, ಸಿಲಿಕೋನ್, ನೈಲಾನ್‌ಗಳಲ್ಲಿ ಯಾವುದು ಎಲ್ಲಿಗೆ?

ಟರ್ಬೊ ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿಯ ಒತ್ತಡವನ್ನು ವಾಲ್ವ್, ಗೇಜ್‌ಗಳಿಗೆ ಮುಟ್ಟಿಸುವ ಸಣ್ಣ ಹೋಸ್‌ಗಳಿಗೆ, ಅಂದರೆ ವ್ಯಾಕ್ಯೂಮ್ ಲೈನ್‌ಗಳಿಗೆ, ಎರಡು ಥರದ ಕಾಟ. ಐಡಲ್‌ನಲ್ಲಿ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಒಳಗೆ ಹೊರಗಿನ ಗಾಳಿಗಿಂತ ಸುಮಾರು 60ರಿಂದ 70 ಕಿಲೋಪಾಸ್ಕಲ್ ಕಡಿಮೆ ಒತ್ತಡ ಇರುತ್ತದೆ. ಆಗ ಹೋಸ್ ಒಳಕ್ಕೆ ಕುಗ್ಗಲು ನೋಡುತ್ತದೆ. ಆಕ್ಸಿಲರೇಟರ್ ಒತ್ತಿದ ಸ್ವಲ್ಪ ಹೊತ್ತಿಗೆ ಅದೇ ಹೋಸ್‌ಗೆ 1 ಬಾರ್ ಆಸುಪಾಸಿನ ಬೂಸ್ಟ್, ಅಂದರೆ ಟರ್ಬೊ ತುಂಬುವ ಹೆಚ್ಚುವರಿ ಒತ್ತಡ, ನುಗ್ಗುತ್ತದೆ. ಈಗ ಅದು ಉಬ್ಬಲು ನೋಡುತ್ತದೆ. ಸಾಲದ್ದಕ್ಕೆ ಪಕ್ಕದಲ್ಲೇ ಕಾದ ಟರ್ಬೈನ್ ಹೌಸಿಂಗ್ (ಟರ್ಬೊದ ಎಕ್ಸಾಸ್ಟ್ ಕಡೆಯ ಕವಚ). ಟರ್ಬೊ ಇಲ್ಲದ ಎಂಜಿನ್‌ನಲ್ಲಿ ವರ್ಷಗಟ್ಟಲೆ ತೊಂದರೆ ಕೊಡದ ಹೋಸ್ ಇಲ್ಲಿ ಬೇಗ ಗಟ್ಟಿಯಾಗಿ ತುದಿಯಲ್ಲಿ ಸೀಳುವುದು ಇದಕ್ಕೇ.

ನನ್ನ ಕಾರಿನಲ್ಲಿ ಹಳೆಯ ಲೈನ್‌ಗಳನ್ನು ಬದಲಿಸುವಾಗ ರಬ್ಬರ್, ಸಿಲಿಕೋನ್, ನೈಲಾನ್ ಮೂರನ್ನೂ ಹಾಕಿ ಓಡಿಸಿ ನೋಡಿದೆ. ಟೀ (ಒಂದು ಲೈನ್ ಅನ್ನು ಎರಡಾಗಿ ಒಡೆಯುವ ಮೂರು ಬಾಯಿಯ ಜೋಡಣೆ), ಕ್ಲಿಪ್‌ಗಳನ್ನೂ ಬೇರೆ ಬೇರೆ ಥರದ್ದು ಹಾಕಿದೆ. ನನ್ನ ತೀರ್ಮಾನ ಮೊದಲೇ ಹೇಳುತ್ತೇನೆ. ಇಡೀ ಎಂಜಿನ್‌ಗೆ ಒಂದೇ ಥರದ ಹೋಸ್ ಹಾಕುವುದು ಸರಿಯಲ್ಲ. ಜೊತೆಗೆ, ಲೀಕ್ ಆಗುತ್ತದೋ ಇಲ್ಲವೋ ಅನ್ನುವುದನ್ನು ಹೋಸ್‌ಗಿಂತ ಜಾಸ್ತಿ ತೀರ್ಮಾನಿಸುವುದು ಅದರ ಎರಡು ತುದಿಗಳು.

ಕಂಪನಿಯಿಂದ ಬರುವ ರಬ್ಬರ್ ಹೋಸ್ ಹೆಚ್ಚಾಗಿ ಇಪಿಡಿಎಂ ಅನ್ನುವ ಕೃತಕ ರಬ್ಬರ್‌ನದ್ದು. ಸುಮಾರು 125 ಡಿಗ್ರಿ ಸೆಲ್ಸಿಯಸ್‌ವರೆಗೆ ಚೆನ್ನಾಗಿ ಬಾಳುತ್ತದೆ. ಓಜೋನ್‌ಗೆ ಬಿರುಕು ಬಿಡುವುದಿಲ್ಲ. ಆದರೆ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ನೈಟ್ರೈಲ್ ರಬ್ಬರ್ ಇದಕ್ಕೆ ಉಲ್ಟಾ. ಎಣ್ಣೆ, ಪೆಟ್ರೋಲ್ ತಡೆಯುತ್ತದೆ, ಶಾಖ ಮತ್ತು ಓಜೋನ್‌ಗೆ ಸೋಲುತ್ತದೆ. ಹೊಸ ರಬ್ಬರ್ ಹೋಸ್ ಬಗ್ಗೆ ಜನ ಅಷ್ಟಾಗಿ ಮಾತಾಡುವುದಿಲ್ಲ. ಆದರೆ ನಿಪ್ಪಲ್ (ಹೋಸ್ ತುದಿ ಕೂರುವ ಸಣ್ಣ ಕೊಳವೆ) ಮೇಲೆ ಅದರ ಹಿಡಿತ ನಿಜಕ್ಕೂ ಗಟ್ಟಿ. ತಿರುವಿನಲ್ಲಿ ಚಪ್ಪಟೆಯಾಗುವುದಿಲ್ಲ. ಬೂಸ್ಟ್ ಬಂದಾಗ ಉಬ್ಬುವುದೂ ಕಡಿಮೆ. ಶಾಖ ಕಡಿಮೆ ಇರುವ ಕಡೆ ಹಳೆಯದನ್ನು ತೆಗೆದು ಅದೇ ಅಳತೆಯ ಹೊಸ ರಬ್ಬರ್ ಹಾಕುವುದು ಈಗಲೂ ಒಳ್ಳೆಯ ಆಯ್ಕೆ.

ಸಿಲಿಕೋನ್‌ನ ದೊಡ್ಡ ಬಲ ಶಾಖ ತಡೆಯುವುದು. ಒಳ್ಳೆಯದಾದರೆ 180ರಿಂದ 200 ಡಿಗ್ರಿವರೆಗೆ ಮೃದುವಾಗಿಯೇ ಇರುತ್ತದೆ. ರಬ್ಬರ್‌ನಂತೆ ಗಟ್ಟಿಯಾಗಿ ಬಿರುಕು ಬಿಡುವುದಿಲ್ಲ. ಟರ್ಬೊ ಪಕ್ಕದಲ್ಲಿ ಹಾದುಹೋಗುವ ಲೈನ್‌ಗಳಿಗೆ ಇದನ್ನು ಹಾಕಿದ ಮೇಲೆ ತುದಿ ಸೀಳುವ ರಗಳೆ ನಿಂತಿತು. ಆದರೆ ಎಲ್ಲ ಸಿಲಿಕೋನ್ ಒಂದೇ ಅಲ್ಲ. ಕೊಳ್ಳುವಾಗ ಬಣ್ಣ ನೋಡಬೇಡಿ, ಗೋಡೆಯ ದಪ್ಪ ನೋಡಿ. ಒಳಗಿನ ವ್ಯಾಸ 4 ಮಿಲಿಮೀಟರ್ ಇರುವ ಎರಡು ಹೋಸ್ ತೆಗೆದುಕೊಂಡೆ. ಒಂದರ ಗೋಡೆ ತೆಳ್ಳಗೆ, ಇನ್ನೊಂದರದ್ದು 3 ಮಿಲಿಮೀಟರ್ ದಪ್ಪ. ತಣ್ಣಗಿದ್ದಾಗ ಎರಡೂ ಚೆನ್ನಾಗಿಯೇ ಕಂಡವು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ತೆಳ್ಳಗಿನದ್ದು ತಿರುವಿನಲ್ಲಿ ಮಡಚಿಕೊಂಡು ದಾರಿ ಅರ್ಧ ಮುಚ್ಚಿತು. ದಪ್ಪ ಗೋಡೆಯದ್ದು ಅದೇ ತಿರುವಿನಲ್ಲಿ ಗುಂಡಗೇ ಉಳಿಯಿತು. ಕೈಯಲ್ಲಿ ಹಿಡಿದು ಅಮುಕಿದಾಗ ಸುಲಭವಾಗಿ ಚಪ್ಪಟೆಯಾಗುವ ಸಿಲಿಕೋನ್ ಹೋಸ್ ಎಂಜಿನ್‌ನಲ್ಲಿ ಬೇಡವೇ ಬೇಡ.

ಸಿಲಿಕೋನ್‌ಗೆ ಎರಡು ದೌರ್ಬಲ್ಯ ಇವೆ. ಮೊದಲನೆಯದು ಹರಿತವಾದ ಅಂಚು. ಸಣ್ಣ ಗೀರು ಬಿದ್ದರೂ ಸೀಳು ಬೇಗ ಉದ್ದ ಬೆಳೆಯುತ್ತದೆ. ಎರಡನೆಯದು ಎಣ್ಣೆ ಮತ್ತು ಪೆಟ್ರೋಲ್. ಎಣ್ಣೆ ಆವಿ ತಾಗಿದರೆ ಅದು ಉಬ್ಬಿ ಬಲ ಕಳೆದುಕೊಳ್ಳುತ್ತದೆ. ಪೆಟ್ರೋಲ್ ಆವಿ ಅದರ ಗೋಡೆಯ ಮೂಲಕವೇ ಹೊರಗೆ ಸೋರುತ್ತದೆ. ಹಾಗಾಗಿ ಕ್ರ್ಯಾಂಕ್‌ಕೇಸ್‌ನಿಂದ (ಎಂಜಿನ್‌ನ ಕೆಳಭಾಗ) ಎಣ್ಣೆ ಆವಿ ಎಳೆಯುವ ಪಿಸಿವಿ ಲೈನ್‌ಗೂ ಪೆಟ್ರೋಲ್ ಟ್ಯಾಂಕಿನ ಆವಿ ಎಳೆಯುವ ಪರ್ಜ್ ಲೈನ್‌ಗೂ ಸಾದಾ ಸಿಲಿಕೋನ್ ಹಾಕಬಾರದು. ಬಣ್ಣ ಹೊಂದಲಿ ಅಂತ ಇಡೀ ಬಾನೆಟ್ ಕೆಳಗೆ ನೀಲಿ ಸಿಲಿಕೋನ್ ಹಾಕಿಸುವವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಪಿಸಿವಿಗೆ ಎಣ್ಣೆ ತಡೆಯುವ ರಬ್ಬರ್ ಅಥವಾ ಒಳಪದರದಲ್ಲಿ ಫ್ಲೋರೋ ರಬ್ಬರ್ ಇರುವ ಹೋಸ್ ಬೇಕು.

ಬ್ರೇಕ್ ಬೂಸ್ಟರ್ (ವ್ಯಾಕ್ಯೂಮ್ ಬಲದಿಂದ ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಭಾಗ) ಲೈನ್ ಅನ್ನು ನಾನು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ. ಬೂಸ್ಟ್ ಒತ್ತಡ ಬೂಸ್ಟರ್ ಒಳಗೆ ಹೋಗದಂತೆ ತಡೆಯುವ ಒಮ್ಮುಖ ವಾಲ್ವ್ ಆ ದಾರಿಯಲ್ಲಿ ಇರುತ್ತದೆ. ಹಳೆಯದಾಗಿದ್ದರೆ ಕಂಪನಿಯ ಹೊಸ ಹೋಸ್ ಅನ್ನೇ ವಾಲ್ವ್ ಸಮೇತ ಹಾಕಿ.

ಪೆಟ್ರೋಲ್ ಒತ್ತಡವನ್ನು ಹದದಲ್ಲಿಡುವ ಫ್ಯೂಯಲ್ ಪ್ರೆಷರ್ ರೆಗ್ಯುಲೇಟರ್‌ಗೆ ಹೋಗುವ ಲೈನ್ ಬಗ್ಗೆ ನನ್ನದು ಸ್ವಲ್ಪ ಹೆಚ್ಚಿನ ಎಚ್ಚರ. ಅದರಲ್ಲಿ ಇರಬೇಕಾದದ್ದು ಗಾಳಿ ಮಾತ್ರ, ಹಾಗಾಗಿ ಸಿಲಿಕೋನ್ ನಡೆಯುತ್ತದೆ ಅಂತ ಹೇಳುವವರಿದ್ದಾರೆ. ಆದರೆ ಒಳಗಿನ ಡಯಾಫ್ರಾಮ್ ಹರಿದರೆ ಪೆಟ್ರೋಲ್ ಆ ಲೈನ್‌ಗೇ ಬರುತ್ತದೆ. ಅದಕ್ಕೆ ಅಲ್ಲಿ ಪೆಟ್ರೋಲ್ ತಡೆಯುವ ರಬ್ಬರ್ ಹೋಸ್ ಹಾಕಿದ್ದೇನೆ. ಈ ಲೈನ್ ಲೀಕ್ ಆದರೆ ಬೂಸ್ಟ್ ಏರಿದಂತೆ ಪೆಟ್ರೋಲ್ ಒತ್ತಡ ಏರುವುದಿಲ್ಲ. ಮಿಶ್ರಣಕ್ಕೆ ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್‌ಗೇ ಅಪಾಯ. ಇಲ್ಲಿ ಮಾತ್ರ ಅಗ್ಗದ ಹೋಸ್‌ಗೆ ಮನಸ್ಸು ಮಾಡಬೇಡಿ.

ನೈಲಾನ್ ಟ್ಯೂಬ್ ಮತ್ತು ಒತ್ತಿ ಕೂರಿಸುವ ಪುಶ್ ಫಿಟ್ಟಿಂಗ್ ಕಾರ್ಖಾನೆಯ ಗಾಳಿ ಯಂತ್ರಗಳಿಂದ ಬಂದದ್ದು. ಕೂರಿಸುವುದು ತುಂಬಾ ಸುಲಭ. ಟ್ಯೂಬ್ ಗಟ್ಟಿ, ಉಬ್ಬುವುದಿಲ್ಲ, ಕುಗ್ಗುವುದೂ ಇಲ್ಲ. ಅದಕ್ಕೇ ಬೂಸ್ಟ್ ಗೇಜ್‌ಗೆ ಕ್ಯಾಬಿನ್‌ವರೆಗೆ ಹೋಗುವ ಉದ್ದನೆಯ ಲೈನ್‌ಗೆ ಇದೇ ನನಗೆ ಇಷ್ಟವಾಯಿತು. ಮುಳ್ಳು ಅತ್ತಿತ್ತ ಅಲುಗದೆ ಥಟ್ಟನೆ ಏರಿ ಇಳಿಯುತ್ತದೆ. ಅಳತೆಯಲ್ಲಿ ಒಂದು ವ್ಯತ್ಯಾಸ ಇದೆ. ರಬ್ಬರ್, ಸಿಲಿಕೋನ್ ಅಳೆಯುವುದು ಒಳಗಿನ ವ್ಯಾಸದಿಂದ. ನೈಲಾನ್ ಅಳೆಯುವುದು ಹೊರಗಿನ ವ್ಯಾಸದಿಂದ. 6 ಮಿಲಿಮೀಟರ್ ನೈಲಾನ್ ಅಂದರೆ ಒಳಗಿನ ತೂತು 4ರ ಹತ್ತಿರ ಇರುತ್ತದೆ.

ಇದರ ತೊಂದರೆ ಬಿಸಿ ಕಡೆ. ಸಾದಾ ಪುಶ್ ಫಿಟ್ಟಿಂಗ್ ಒಳಗಿನ ರಿಂಗ್ ನೈಟ್ರೈಲ್‌ನದ್ದು. ಹೆಚ್ಚಿನವಕ್ಕೆ ತಯಾರಕರು ಕೊಡುವ ಮಿತಿ 60ರಿಂದ 80 ಡಿಗ್ರಿ ಅಷ್ಟೇ. ಟ್ರಾಫಿಕ್‌ನಲ್ಲಿ ನಿಂತ ಟರ್ಬೊ ಕಾರಿನ ಬಾನೆಟ್ ಕೆಳಗೆ ಟರ್ಬೊ ಪಕ್ಕದ ಜಾಗ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಫಿಟ್ಟಿಂಗ್‌ನ ಮೈ ಹಿತ್ತಾಳೆಯದ್ದಾದರೂ ರಿಂಗ್ ಅದೇ ಇದ್ದರೆ ಏನೂ ಲಾಭವಿಲ್ಲ. ಇನ್ನೊಂದು ತೊಂದರೆ ಪಕ್ಕಕ್ಕೆ ಎಳೆತ. ಟ್ಯೂಬ್ ನೇರವಾಗಿ ಒಳಗೆ ಹೋಗದೆ ವಾಲಿದ್ದರೆ ರಿಂಗ್ ಒಂದು ಕಡೆ ಸಡಿಲವಾಗಿ ಗಾಳಿ ಸೋರುತ್ತದೆ. ಟ್ಯೂಬ್ ತುದಿಯನ್ನು ಕಟರ್‌ನಲ್ಲಿ ನೇರವಾಗಿ ಕತ್ತರಿಸಬೇಕು. ಕತ್ತರಿಯಲ್ಲಿ ಕತ್ತರಿಸಿದ ಓರೆ ತುದಿ ಒಳಗೆ ಪೂರ್ತಿ ಕೂರುವುದಿಲ್ಲ. ಪಾಲಿಯುರೇಥೇನ್ ಟ್ಯೂಬ್ ಇನ್ನೂ ಬಾಗುತ್ತದೆ, ಆದರೆ ಶಾಖಕ್ಕೆ ನೈಲಾನ್‌ಗಿಂತ ಬೇಗ ಸೋಲುತ್ತದೆ. ಅದನ್ನು ಬಾನೆಟ್ ಕೆಳಗೆ ಬಳಸುವುದೇ ಬೇಡ.

ಇನ್ನು ಜೋಡಣೆಗಳು. ಪ್ಲಾಸ್ಟಿಕ್ ಟೀ ಹೊಸದಿದ್ದಾಗ ಸೊಗಸಾಗಿ ಕೆಲಸ ಮಾಡುತ್ತದೆ. ಬಿಸಿಯಾಗಿ ತಣ್ಣಗಾಗಿ ಕೊನೆಗೆ ಹಪ್ಪಳದಂತೆ ಪಟ್ ಅಂತ ಮುರಿಯುತ್ತದೆ, ಅದೂ ಹೋಸ್ ಬಿಚ್ಚಲು ಹೋದಾಗಲೇ. ಹಿತ್ತಾಳೆ ಟೀ ಆ ಚಿಂತೆ ಕೊಡಲಿಲ್ಲ. ಸ್ವಲ್ಪ ಭಾರ, ಅಷ್ಟೇ. ಹಾಗಾಗಿ ಉದ್ದ ಹೋಸ್ ಮಧ್ಯೆ ನೇತಾಡಲು ಬಿಡದೆ ಎಲ್ಲಾದರೂ ಕಟ್ಟಬೇಕು. ಹಿತ್ತಾಳೆ ನಿಪ್ಪಲ್ ಕೊಳ್ಳುವಾಗ ಅಂಚಿನ ಮೇಲೆ ಬೆರಳು ಆಡಿಸಿ ನೋಡಿ. ಚೂಪಾಗಿದ್ದರೆ ಸಿಲಿಕೋನ್ ಸೀಳುತ್ತದೆ. ಸಣ್ಣ ಮರಳು ಕಾಗದದಲ್ಲಿ ಉಜ್ಜಿದರೆ ಸಾಕು.

ಥ್ರೆಡ್ ವಿಷಯದಲ್ಲಿ ದಯವಿಟ್ಟು ಆತುರ ಬೇಡ. ಪೈಪ್ ಥ್ರೆಡ್‌ನ ಎರಡು ಬೇರೆ ಮಾನಕಗಳಾದ 1/8 ಎನ್‌ಪಿಟಿ ಮತ್ತು 1/8 ಬಿಎಸ್‌ಪಿ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಒಂದಕ್ಕೆ ಇಂಚಿಗೆ 27 ಸುತ್ತು, ಇನ್ನೊಂದಕ್ಕೆ 28. ಕೋನವೂ ಬೇರೆ, 60 ಡಿಗ್ರಿ ಮತ್ತು 55 ಡಿಗ್ರಿ. ಮೊದಲ ಕೆಲವು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಅಲ್ಲಿಂದ ಮುಂದೆ ಸ್ಪ್ಯಾನರ್ ಹಾಕಿದರೆ ಅಲ್ಯೂಮಿನಿಯಂ ಮ್ಯಾನಿಫೋಲ್ಡ್‌ನ ಥ್ರೆಡ್ ಹೋಯಿತು ಅಂತಲೇ. ಟೆಫ್ಲಾನ್ ಟೇಪ್‌ಗಿಂತ ನನಗೆ ದ್ರವ ಸೀಲಂಟ್ ಮೇಲೆ ನಂಬಿಕೆ. ಟೇಪಿನ ಚೂರು ಕಿತ್ತು ಬಂದು ಸೊಲೆನಾಯ್ಡ್‌ನಲ್ಲಿ (ವಿದ್ಯುತ್ತಿನಿಂದ ತೆರೆಯುವ ಸಣ್ಣ ವಾಲ್ವ್) ಸಿಕ್ಕಿಕೊಳ್ಳುವ ಭಯ ಇರುವುದಿಲ್ಲ.

ಒಂದರ ಹಿಂದೆ ಒಂದು ಟೀ ಹಾಕುವುದೋ, ಆರು ಬಾಯಿಯ ಅಲ್ಯೂಮಿನಿಯಂ ವ್ಯಾಕ್ಯೂಮ್ ಬ್ಲಾಕ್ ಹಾಕುವುದೋ? ಎರಡನ್ನೂ ನೋಡಿದ ಮೇಲೆ ಬ್ಲಾಕ್ ಪರ ನಾನು. ಜೋಡಣೆಗಳ ಸಂಖ್ಯೆ ಇಳಿಯುತ್ತದೆ, ಯಾವ ಹೋಸ್ ಎಲ್ಲಿಗೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಆದರೆ ಮ್ಯಾನಿಫೋಲ್ಡ್‌ನಿಂದ ಬ್ಲಾಕ್‌ಗೆ ಬರುವ ಹೋಸ್ ದಪ್ಪಗಿರಬೇಕು. 4 ಮಿಲಿಮೀಟರ್ ಹೋಸ್ ಒಂದರಿಂದ ಆರು ಬಾಯಿಗೆ ಗಾಳಿ ಹಂಚಿದರೆ ಬ್ಲೋ ಆಫ್ ವಾಲ್ವ್ (ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚುವರಿ ಬೂಸ್ಟ್ ಹೊರಬಿಡುವ ವಾಲ್ವ್) ತೆರೆಯಲು ತಡ ಮಾಡುತ್ತದೆ. ಆ ವಾಲ್ವ್ ಜಾಸ್ತಿ ಗಾಳಿ ಎಳೆಯುವುದರಿಂದ ಅದಕ್ಕೂ ಫ್ಯೂಯಲ್ ರೆಗ್ಯುಲೇಟರ್‌ಗೂ ಮ್ಯಾನಿಫೋಲ್ಡ್‌ನಿಂದಲೇ ಬೇರೆ ಬೇರೆ ಲೈನ್ ಕೊಟ್ಟಿದ್ದೇನೆ.

ಕ್ಲಿಪ್‌ಗಳಲ್ಲಿ ಜಿಪ್ ಟೈ ಎಲ್ಲರ ಕೈಗೂ ಮೊದಲು ಸಿಗುವುದು. ಅದು ಸುತ್ತ ಸಮವಾಗಿ ಅಮುಕುವುದಿಲ್ಲ, ಲಾಕ್ ಇರುವ ಕಡೆ ಸಣ್ಣ ಸಂದು ಉಳಿಯುತ್ತದೆ. ಸಾದಾ ನೈಲಾನ್ ಟೈ ಶಾಖಕ್ಕೆ ಒಣಗಿ ಮುರಿಯುತ್ತದೆ ಕೂಡ. ಸ್ಕ್ರೂ ಕ್ಲ್ಯಾಂಪ್ ದೊಡ್ಡ ಹೋಸ್‌ಗೆ ಸರಿ. ಸಣ್ಣ ಅಳತೆಯಲ್ಲಿ ಅದು ದುಂಡಗೆ ಕೂರುವುದಿಲ್ಲ, ಪಟ್ಟಿಯ ತೂತುಗಳು ಸಿಲಿಕೋನ್ ಕೊರೆಯುತ್ತವೆ. ಸ್ಪ್ರಿಂಗ್ ಕ್ಲಿಪ್ ನನಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟದ್ದು. ಹೋಸ್ ಬಿಸಿಗೆ ಮೆತ್ತಗಾದರೂ ಅದು ತಾನೇ ಹಿಡಿತ ಬಿಗಿ ಮಾಡಿಕೊಳ್ಳುತ್ತದೆ. ಇಕ್ಕಳದಿಂದ ತೆಗೆದು ಮತ್ತೆ ಹಾಕಬಹುದು. ಹೋಸ್‌ನ ಹೊರ ವ್ಯಾಸ ಅಳೆದು ಸರಿಯಾದ ಅಳತೆ ತರಬೇಕು, ಅದೊಂದೇ ಕಷ್ಟ.

ವೇಸ್ಟ್‌ಗೇಟ್ (ಎಕ್ಸಾಸ್ಟ್ ಅನ್ನು ಟರ್ಬೈನ್ ತಪ್ಪಿಸಿ ಬಿಟ್ಟು ಬೂಸ್ಟ್ ಮಿತಿಯಲ್ಲಿಡುವ ಬಾಗಿಲು) ಲೈನ್ ಎಲ್ಲಕ್ಕಿಂತ ಗಂಭೀರ. ಬೂಸ್ಟ್ ಒತ್ತಡದಿಂದ ತೆರೆಯುವ ಥರದ ವೇಸ್ಟ್‌ಗೇಟ್‌ನಲ್ಲಿ ಈ ಹೋಸ್ ಕಳಚಿದರೆ ಅದು ತೆರೆಯುವುದೇ ಇಲ್ಲ, ಬೂಸ್ಟ್ ಮಿತಿ ಮೀರುತ್ತದೆ. ಇಲ್ಲಿ ದಪ್ಪ ಗೋಡೆಯ ಸಿಲಿಕೋನ್, ಹಿತ್ತಾಳೆ ನಿಪ್ಪಲ್, ಸ್ಪ್ರಿಂಗ್ ಕ್ಲಿಪ್, ಮೇಲೆ ಫೈಬರ್‌ಗ್ಲಾಸ್ ತೋಳು ಹಾಕಿದ್ದೇನೆ. ಟರ್ಬೈನ್‌ಗೆ ತೀರಾ ಹತ್ತಿರ ಹಾದುಹೋಗಲೇಬೇಕು ಅಂದರೆ ಉಕ್ಕಿನ ಹೆಣಿಗೆ ಇರುವ ಟೆಫ್ಲಾನ್ ಹೋಸ್ ಇನ್ನೂ ಉತ್ತಮ, ಅದು 200 ಡಿಗ್ರಿ ದಾಟಿದರೂ ತಡೆಯುತ್ತದೆ. ಹೋಸ್ ಆದಷ್ಟು ಗಿಡ್ಡ ಇರಲಿ. ಹಳೆಯದನ್ನು ಎಸೆಯುವ ಮುಂಚೆ ಅದನ್ನು ಉದ್ದಕ್ಕೂ ಬೆರಳಲ್ಲಿ ಅಮುಕಿ ನೋಡಿ. ಹಲವು ಎಂಜಿನ್‌ಗಳಲ್ಲಿ ಸಣ್ಣ ತೂತಿನ ಹಿತ್ತಾಳೆ ತುಂಡೊಂದು ಒಳಗೆ ಕೂತಿರುತ್ತದೆ. ಬೂಸ್ಟ್ ಎಷ್ಟು ಬರಬೇಕು ಅನ್ನುವ ಲೆಕ್ಕದಲ್ಲಿ ಅದೂ ಸೇರಿದೆ. ಅದನ್ನು ಹೊಸ ಹೋಸ್‌ಗೆ, ಅದೇ ಜಾಗಕ್ಕೆ ದಾಟಿಸಬೇಕು.

ಹೋಸ್ ಕೂರಿಸುವಾಗ ಸೋಪು ನೀರು ಸಾಕು. ಗ್ರೀಸ್, ಎಣ್ಣೆ ಬೇಡ, ಅವು ಒಣಗುವುದಿಲ್ಲ, ಬೂಸ್ಟ್ ಬಂದಾಗ ಹೋಸ್ ಜಾರಿ ಹೊರಬರುತ್ತದೆ. ಎಲ್ಲ ಮುಗಿದ ಮೇಲೆ ಇಂಟೇಕ್‌ಗೆ ಕಂಪ್ರೆಸರ್‌ನಿಂದ ಗಾಳಿ ಕೊಟ್ಟು ಪ್ರತಿ ಜೋಡಣೆಗೂ ಸೋಪು ನೀರು ಹಚ್ಚಿ ನೋಡಿದೆ. ಎಂಜಿನ್ ಮಾಮೂಲಾಗಿ ಕೊಡುವ ಬೂಸ್ಟ್‌ಗಿಂತ ಜಾಸ್ತಿ ಗಾಳಿ ಕೊಡಬಾರದು. ಪಿಸಿವಿ ದಾರಿಯನ್ನು ಮೊದಲೇ ಮುಚ್ಚಬೇಕು, ಇಲ್ಲದಿದ್ದರೆ ಗಾಳಿ ಕ್ರ್ಯಾಂಕ್‌ಕೇಸ್‌ಗೆ ನುಗ್ಗಿ ಆಯಿಲ್ ಸೀಲ್ ಮೇಲೆ ಒತ್ತಡ ಬೀಳುತ್ತದೆ. ಆಮೇಲೆ ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ ನೋಡಿ, ಅಂದರೆ ಎಂಜಿನ್ ಕಂಪ್ಯೂಟರ್ ಪೆಟ್ರೋಲ್ ಅನ್ನು ಎಷ್ಟು ಹೆಚ್ಚಿಸುತ್ತಿದೆ (ಪ್ಲಸ್) ಅಥವಾ ಇಳಿಸುತ್ತಿದೆ (ಮೈನಸ್) ಅನ್ನುವ ಅಂಕಿ. ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಮ್ಯಾನಿಫೋಲ್ಡ್ ಕಡೆ ಲೀಕ್ ಇದ್ದರೆ ಐಡಲ್‌ನಲ್ಲಿ ಟ್ರಿಮ್ ಪ್ಲಸ್ ಕಡೆಗೆ ಏರುತ್ತದೆ, ಅಳತೆಗೆ ಸಿಗದ ಗಾಳಿ ಒಳಗೆ ಬರುವುದರಿಂದ. ಬೂಸ್ಟ್‌ನಲ್ಲಿ ಅದೇ ತೂತಿನಿಂದ ಅಳೆದ ಗಾಳಿ ಹೊರಗೆ ಹೋಗಿ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿಯಾಗುತ್ತದೆ. ಐಡಲ್‌ನಲ್ಲಿ ಪ್ಲಸ್, ವೇಗ ಏರಿಸಿ ಹಿಡಿದಾಗ ಸೊನ್ನೆ ಹತ್ತಿರ ಅಂತ ಕಂಡರೆ ಮತ್ತೆ ಸೋಪು ನೀರು ತೆಗೆದುಕೊಂಡು ಬ್ಲಾಕ್‌ನಿಂದ ಶುರು ಮಾಡಿ ಒಂದೊಂದೇ ಲೈನ್ ಹಿಡಿದು ಹೋಗಿ.