ತಕ್ಕಡಿ ಇಲ್ಲದ ಮಾರ್ಕೆಟ್: ಮ್ಯಾಡ್ರಿಡ್‌ನ ಸಾನ್ ಮಿಗೆಲ್

ಬ್ಯಾಡಗಿಯಲ್ಲಿ ಮೂವತ್ತೊಂದು ವರ್ಷ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸಿದವನಿಗೆ ಮಾರ್ಕೆಟ್ ಅಂದರೆ ಸೋಮವಾರ, ಗುರುವಾರ. ಆ ಎರಡು ದಿನ ನಮ್ಮ ಎಪಿಎಂಸಿಯಲ್ಲಿ ಟೆಂಡರು. ಸುಗ್ಗಿಯಲ್ಲಿ ಒಂದೇ ದಿನಕ್ಕೆ ಲಕ್ಷ ಚೀಲ ದಾಟುತ್ತದೆ, ಊರಿಗೆ ಊರೇ ಸೀನುತ್ತದೆ. ಹೀಗಿರುವಾಗ ಮ್ಯಾಡ್ರಿಡ್‌ನಲ್ಲಿ ಕೆಲಸಕ್ಕಿರುವ ಮಗಳು, "ಅಪ್ಪಾ, ನಾಳಿ ಇಲ್ಲಿ ಹಳೇ ಮಾರ್ಕೆಟ್ ತೋರಸ್ತೀನಿ, ನೂರು ವರ್ಷಕ್ಕಿಂತ ಹಿಂದಿಂದು" ಅಂದಾಗ ನಾನು ಬೆಳಿಗ್ಗೆ ಐದೂವರೆಗೇ ಎದ್ದು ಸ್ನಾನ ಮಾಡಿ ತಯಾರಾಗಿ ಕೂತೆ. ಮಾಲು ಇಳಿಸುವ ಹೊತ್ತಿಗೆ ಹೋದರೇ ಮಾರ್ಕೆಟ್ ನೋಡಿದ ಹಾಗೆ. ಮಗಳು ಎದ್ದದ್ದು ಒಂಬತ್ತಕ್ಕೆ. "ಅದು ಬಾಗಲಾ ತಗಿಯೂದ ಹತ್ತಕ್ಕ, ಅಪ್ಪಾ. ಹೋಗಿ ಮಲ್ಕೊ."

ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಪ್ಲಾಸಾ ಮಯೋರ್ ಎಂಬ ದೊಡ್ಡ ಚೌಕದ ಪಶ್ಚಿಮದ ಕಮಾನು ದಾಟಿದರೆ ಎದುರಿಗೇ ಇದೆ. ಹೆಸರು ಮೆರ್ಕಾದೊ ದೆ ಸಾನ್ ಮಿಗೆಲ್. ಕಟ್ಟಡದ ಬಗ್ಗೆ ನಾನು ಎಷ್ಟು ಹೊಗಳಿದರೂ ಕಡಿಮೆಯೇ. ಸಣ್ಣ ನಡುವಿನ ಬೀಡುಕಬ್ಬಿಣದ ಕಂಬಗಳು, ಅವುಗಳ ನಡುವೆ ನೆಲದಿಂದ ಮೇಲಿನವರೆಗೆ ಗಾಜು, ಸೂರಿನಂಚಿಗೆ ಕುಸುರಿ. ಗೋಡೆ ಅನ್ನುವುದೇ ಇಲ್ಲ. ಒಂದು ಕಂಬಕ್ಕೆ ಅಂಗೈ ಒತ್ತಿ ನೋಡಿದೆ. ಬಿಸಿಲಿತ್ತು, ಆದರೂ ತಣ್ಣಗಿತ್ತು. ಬಣ್ಣದ ಮೇಲೆ ಬಣ್ಣ ಬಳಿದು ಬಳಿದು ಅಚ್ಚಿನ ಮೂಲೆಗಳೆಲ್ಲ ದುಂಡಗಾಗಿದ್ದವು. ಇದನ್ನು ಕಟ್ಟಿದವರು ಅಲ್ಫೊನ್ಸೊ ದುಬೆ ಎಂಬ ವಾಸ್ತುಶಿಲ್ಪಿ, ತೆರೆದದ್ದು 1916ರ ಮೇ 13ರಂದು. ಅದಕ್ಕೂ ಮೊದಲು ಇಲ್ಲೊಂದು ಚರ್ಚ್ ಇತ್ತಂತೆ. ನೆಪೋಲಿಯನ್‌ನ ಅಣ್ಣ ಜೋಸೆಫ್ ಸ್ಪೇನ್ ಆಳುತ್ತಿದ್ದಾಗ ಕೆಡವಿಸಿದ. ಬಯಲಾದ ಜಾಗದಲ್ಲಿ ಸಂತೆ ಕೂತಿತು, ಆಮೇಲೆ ಸಂತೆಯ ಮೇಲೆ ಈ ಚಪ್ಪರ ಬಂತು. ಸೂಪರ್‌ಮಾರ್ಕೆಟ್ ಕಾಲದಲ್ಲಿ ಇಲ್ಲಿನ ತರಕಾರಿ, ಮೀನಿನ ವ್ಯಾಪಾರ ಸೊರಗಿತು. 2000ದಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಕಟ್ಟಡ ಅಂತ ಸಾರಿತು. ಖಾಸಗಿಯವರು ಕೊಂಡು ದುರಸ್ತಿ ಮಾಡಿ 2009ರಲ್ಲಿ ಮತ್ತೆ ತೆರೆದರು, ತಿನಿಸಿನ ಮಾರ್ಕೆಟ್ ಆಗಿ.

ಒಳಗೆ ಕಾಲಿಟ್ಟವನು ಮೊದಲು ಹುಡುಕಿದ್ದು ತಕ್ಕಡಿ. ಚೀಲ ಇಲ್ಲ, ಹಮಾಲರಿಲ್ಲ, ದರ ಕೂಗುವವರಿಲ್ಲ. ಇಪ್ಪತ್ತಕ್ಕೂ ಹೆಚ್ಚು ಅಂಗಡಿ, ಎಲ್ಲದರಲ್ಲೂ ತುತ್ತಿಗೊಂದು ದರ. ಅಂಗೈ ಅಗಲದ ಬ್ರೆಡ್ಡಿನ ಮೇಲೊಂದು ತುಂಡು ಮೀನು, ಕಡ್ಡಿಗೆ ಚುಚ್ಚಿದ ಆಲಿವ್ ಕಾಯಿ, ಕಾಗದದ ಕೊಟ್ಟೆಯಲ್ಲಿ ಕರಿದದ್ದು, ಐಸಿನ ಮೇಲೆ ಸಿಂಪಿ. ಕೊಳ್ಳುವವರು ಯಾರೂ ಮನೆಗೆ ಒಯ್ಯುವುದಿಲ್ಲ, ನಿಂತಲ್ಲೇ ಬಾಯಿಗೆ. ನಡುವೆ ಎತ್ತರದ ಮೇಜುಗಳಿವೆ, ಕುರ್ಚಿ ಸಿಕ್ಕರೆ ನಿಮ್ಮ ಪುಣ್ಯ. ಜೊತೆಗಿದ್ದ ಇವಳು, ಅಂದರೆ ನನ್ನ ಹೆಂಡತಿ, ಅರ್ಧ ಗಂಟೆ ಸುತ್ತಿ, "ರೀ, ಇದು ಮಾರ್ಕೆಟ್ ಅಲ್ರಿ, ಮದವಿ ಮನ್ಯಾಗಿನ ಬುಫೆ. ಉಡುಗೊರಿ ಬದ್ಲಿ ರೊಕ್ಕಾ ಕೊಡೂದು ಅಷ್ಟ" ಅಂದಳು. ಇದಕ್ಕಿಂತ ಚೊಕ್ಕ ವಿಮರ್ಶೆ ನನ್ನಿಂದಾಗದು.

ನಾವಿಬ್ಬರೂ ಸಸ್ಯಾಹಾರಿಗಳು. ಅಂಥವರಿಗೆ ಇಲ್ಲಿ ತಿನ್ನುವುದಕ್ಕಿಂತ ನೋಡುವುದೇ ಜಾಸ್ತಿ, ಮತ್ತು ನೋಡುವುದೂ ಎಲ್ಲರಿಗೂ ಆಗುವಂಥದ್ದಲ್ಲ. ಹಂದಿಯ ಹಿಂಗಾಲು, ಗೊರಸಿನ ಸಮೇತ, ಮರದ ಸ್ಟ್ಯಾಂಡಿಗೆ ಬಿಗಿದಿರುತ್ತಾರೆ. ಅದಕ್ಕೆ ಹಾಮೋನ್ ಅಂತಾರೆ, ಉಪ್ಪು ಹಾಕಿ ವರ್ಷಗಟ್ಟಲೆ ಗಾಳಿಗೆ ತೂಗುಬಿಟ್ಟ ಮಾಂಸ. ಇವಳು ಮುಖ ತಿರುಗಿಸಿ ಸೆರಗು ಮೂಗಿಗೆ ಹಿಡಿದಳು. ನಾನು ಮಾತ್ರ ಅಲ್ಲೇ ನಿಂತೆ, ಕಾರಣ ಗೊರಸಿನ ಹತ್ತಿರ ಕಟ್ಟಿದ ಬಣ್ಣದ ಪಟ್ಟಿ. ಕಪ್ಪು ಪಟ್ಟಿ ಅಂದರೆ ಅಪ್ಪಟ ಇಬೇರಿಯನ್ ತಳಿ, ಓಕ್ ಮರದ ಕಾಯಿ ತಿಂದು ಬೆಳೆದದ್ದು. ಕೆಂಪು ಅಂದರೆ ಮೇವು ಅದೇ, ತಳಿ ಬೆರಕೆ. ಹಸಿರಿನದ್ದು ಬಯಲಲ್ಲಿ ಮೇದು ಕಾಳಿನ ಮೇವೂ ತಿಂದದ್ದು, ಬಿಳಿಯದ್ದು ದೊಡ್ಡಿಯೊಳಗೇ ಬೆಳೆದದ್ದು. 2014ರಿಂದ ಇದು ಕಾನೂನು. ನಾನು ತಿನ್ನದ ಪದಾರ್ಥ ನಿಜ, ಆದರೆ ಗ್ರೇಡಿಂಗ್ ನೋಡಿ ಹೊಟ್ಟೆಕಿಚ್ಚಾಯಿತು. ನಮ್ಮ ಮೆಣಸಿನಕಾಯಿಯಲ್ಲಿ ದಪ್ಪನೆಯ ಡಬ್ಬಿ ತಳಿ ಯಾವುದು, ತೆಳ್ಳನೆಯ ಕಡ್ಡಿ ತಳಿ ಯಾವುದು, ಬೇರೆ ಕಡೆಯಿಂದ ತಂದು ಬೆರೆಸಿದ್ದು ಯಾವುದು ಅಂತ ಹೇಳಲು ಇವತ್ತಿಗೂ ಚೀಲಕ್ಕೆ ಕೈ ಹಾಕಿ ಮುರಿದು ಮೂಸಬೇಕು.

ಇನ್ನು ನಾವು ತಿಂದದ್ದು. ಆಲಿವ್ ಕಡ್ಡಿಯಿಂದ ಶುರು. ಮೀನು ಬೇಡ ಅಂತ ಮಗಳು ಸ್ಪ್ಯಾನಿಷ್‌ನಲ್ಲೇ ಎರಡೆರಡು ಸಲ ಹೇಳಿದಳು, ಅಂಗಡಿಯ ಹುಡುಗ "ಸೀ, ಸೀ" ಅಂದ. ಕಡ್ಡಿಯ ಮೇಲೆ ಮೀನೇನೂ ಕಾಣಲಿಲ್ಲ. ಕಾಯಿಯೊಳಗೆ ತುಂಬಿದ್ದರು! ಅಂಚೋವಿ ಎಂಬ ಸಣ್ಣ ಉಪ್ಪುಮೀನನ್ನು ಬೀಜ ತೆಗೆದ ಜಾಗದಲ್ಲಿ ತುಂಬುವುದು ಅಲ್ಲಿ ತೀರಾ ಮಾಮೂಲಂತೆ. "ರೀ, ಇದ್ರಾಗ ಏನೋ ಐತ್ರಿ" ಅನ್ನುತ್ತ ಇವಳು ಕಾಗದದ ಕರವಸ್ತ್ರದಲ್ಲಿ ಉಗುಳಿದಳು, ಬಾಟಲಿ ನೀರೆಲ್ಲ ಬಾಯಿ ಮುಕ್ಕಳಿಸಲಿಕ್ಕೇ ಖರ್ಚಾಯಿತು. ಹುಡುಗ ಪಾಪ ಕೆಂಪಗಾದ. ದುಡ್ಡು ವಾಪಸ್ ಕೊಟ್ಟು, ಮೇಲೆ ಮಾಂಚೆಗೊ ಚೀಸಿನ ನಾಲ್ಕು ತ್ರಿಕೋನ ಇಟ್ಟುಕೊಟ್ಟ. ಕುರಿಹಾಲಿನದ್ದು, ಗಟ್ಟಿ, ಕೊನೆಯಲ್ಲಿ ಒಂಚೂರು ಒಗರು. ಇವಳಿಗೆ ಬಹಳ ಹಿಡಿಸಿತು, ಮೂರು ತಿಂದಳು. ಆ ಹಾಲು ಒಡೆಸಲು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದುಂಟು ಅಂತ ರಾತ್ರಿ ಮಗಳು ನನ್ನ ಕಿವಿಯಲ್ಲಿ ಹೇಳಿದಳು. ಇವಳಿಗೆ ನಾನಿನ್ನೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾದೀತು.

ಪತಾತಾಸ್ ಬ್ರಾವಾಸ್ ಅಂತ ಕರಿದ ಆಲೂಗಡ್ಡೆಯ ಮೇಲೆ ಕೆಂಪು ಸಾರು ಸುರಿದು ಕೊಡುತ್ತಾರೆ. ಬ್ರಾವಾ ಅಂದರೆ ಉಗ್ರ ಅಂತ ಅರ್ಥವಂತೆ. ನಮ್ಮನೆಯ ಹಸುಗೂಸೂ ಅಳದೆ ತಿಂದೀತು. ಒಂದು ಪ್ಲೇಟಿಗೆ ನಾವು ಕೊಟ್ಟದ್ದು ಏಳು ಯೂರೋ, ಯೂರೋಗೆ ಆಗ ನೂರರ ಆಸುಪಾಸು. ಲೆಕ್ಕ ನೀವೇ ಹಾಕಿಕೊಳ್ಳಿ. ಹಾವೇರಿಯ ಯಾವುದೇ ಖಾನಾವಳಿಯಲ್ಲಿ ನಾಲ್ಕು ಮಂದಿ ರೊಟ್ಟಿ, ಎಣಗಾಯಿ, ಮಜ್ಜಿಗೆ ಹೊಡೆದು ಡೇಗು ಬಿಟ್ಟು ಏಳುವ ದುಡ್ಡು. ಮಗಳು ವರ್ಮುತ್ ಎಂಬ ಕಂದು ಪಾನೀಯ ತೆಗೆದುಕೊಂಡಳು. ನಾನು ಕುಡಿದೆನೋ ಇಲ್ಲವೋ ಎನ್ನುವುದು ಈ ಬರಹಕ್ಕೆ ಬೇಡದ ವಿಷಯ.

ನನ್ನ ಮಟ್ಟಿಗೆ ಕೊಟ್ಟ ದುಡ್ಡು ಬಂದದ್ದು ಆಕ್ಟೋಪಸ್ ಅಂಗಡಿಯ ಮುಂದೆ. ಬೇಯಿಸಿದ್ದನ್ನು ಕತ್ತರಿಯಿಂದ ಕತ್ತರಿಸಿ, ದುಂಡನೆಯ ಮರದ ತಟ್ಟೆಯಲ್ಲಿ ಹರಡಿ, ಆಲಿವ್ ಎಣ್ಣೆ ಸುರಿದು, ಹರಳುಪ್ಪು ಉದುರಿಸಿದರು. ಕೊನೆಗೆ ಒಂದು ಕೆಂಪು ಪುಡಿ. ಎಣ್ಣೆಗೆ ಬಿದ್ದ ಕೂಡಲೇ ಅದು ಬಿಟ್ಟ ಬಣ್ಣ ಇದೆಯಲ್ಲ, ನಾನು ಇವಳ ಕೈ ಜಗ್ಗಿದೆ. "ಏ, ನೋಡಿಲ್ಲೆ, ನಮ್ಮ ಡಬ್ಬಿ!" ಮಗಳು ಕೇಳಿ ಒಂದು ಚಿಟಿಕೆ ಇಸಿದುಕೊಟ್ಟಳು. ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ತಿಕ್ಕಿದೆ. ಗೆರೆಗಳಲ್ಲಿ ಕೆಂಪು ಕೂತಿತು, ಒರೆಸಿದರೂ ಹೋಗಲಿಲ್ಲ. ನಾಲಿಗೆಗಿಟ್ಟರೆ ಖಾರ ಹೆಸರಿಗಷ್ಟೇ. ಬಣ್ಣ ತುಂಬ, ಖಾರ ಕಡಿಮೆ: 2011ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು, ಪಡೆದ ನಮ್ಮ ಬ್ಯಾಡಗಿ ಕಾಯಿಯ ಗುಣವೂ ಅದೇ, ಲಿಪ್‌ಸ್ಟಿಕ್ಕಿಗೂ ನಮ್ಮದನ್ನೇ ಹಿಂಡುವುದು ಆ ಬಣ್ಣಕ್ಕೆ. ಆದರೆ ಮೂಗಿನ ಹತ್ತಿರ ಒಯ್ದರೆ ಹೊಗೆ! ಸುಟ್ಟ ವಾಸನೆಯಲ್ಲ, ಅಟ್ಟದ ಮೇಲಿನ ಹಳೇ ತೊಲೆಯ ವಾಸನೆ.

ಇದು ಪಿಮೆಂತೋನ್, ಲಾ ವೆರಾ ಎಂಬ ಸೀಮೆಯದ್ದು. ಅಲ್ಲಿ ಕೊಯ್ಲಿನ ಹೊತ್ತಿಗೆ ಮಳೆ ಹಿಡಿಯುತ್ತದೆ, ಬಿಸಿಲಿಗೆ ಒಣಗಿಸುವ ಹಾಗಿಲ್ಲ. ಅದಕ್ಕೇ ಕಾಯಿಯನ್ನು ಅಟ್ಟದ ಮೇಲೆ ಹರಡಿ, ಕೆಳಗೆ ಓಕ್ ಕಟ್ಟಿಗೆ ಉರಿಸಿ, ಎರಡು ವಾರದ ತನಕ ದಿನಾ ಕೈಯಿಂದ ತಿರುವಿ ತಿರುವಿ ಹೊಗೆಯಲ್ಲೇ ಒಣಗಿಸುತ್ತಾರೆ. ನಮ್ಮ ರೈತ ಕಣದಲ್ಲಿ ಹರಡಿ ಮೋಡ ನೋಡುತ್ತ ಕೂರುತ್ತಾನಲ್ಲ, ಅದಕ್ಕೆ ಅವರು ಕಂಡುಕೊಂಡ ದಾರಿ ಇದು. ಮೆಣಸಿನಕಾಯಿ ಅಮೆರಿಕದ್ದು. ಕೊಲಂಬಸ್ ಮೊದಲು ತಂದಿಳಿಸಿದ್ದು ಸ್ಪೇನಿಗೆ, ನಮ್ಮ ಕಡೆಗೆ ತಂದವರು ಪೋರ್ಚುಗೀಸರು. ಹಾಗೆ ನೋಡಿದರೆ ನಾನು ಬಂದದ್ದು ನಮ್ಮ ಕಾಯಿಯ ದೊಡ್ಡಪ್ಪನ ಮನೆಗೆ. ನಿಂತು ಮಾತಾಡೋಣ ಅಂದರೆ ಹಿಂದೆ ಸರದಿ ಬೆಳೆದಿತ್ತು.

ನನ್ನ ಮುಖ ನೋಡಿ ಮಗಳು ಮರುದಿನ ಲಾ ಸೆಬಾದಾ ಮಾರ್ಕೆಟ್‌ಗೆ ಕರೆದೊಯ್ದಳು. ಸಾನ್ ಮಿಗೆಲ್‌ನಿಂದ ಹತ್ತು ನಿಮಿಷದ ನಡಿಗೆ. ಅಲ್ಲಿ ತಕ್ಕಡಿ ಇತ್ತು. ತರಕಾರಿ ಚೀಲ ಹಿಡಿದ ಮುದುಕಿಯರು, ಟೊಮೆಟೊ ಒತ್ತಿ ನೋಡಿದರೆ ಗದರುವ ಅಂಗಡಿಯವ, ಎಲ್ಲ ಇತ್ತು. ಇಲ್ಲಿಯೂ 1875ರಲ್ಲಿ ಕಟ್ಟಿದ ದೊಡ್ಡ ಕಬ್ಬಿಣದ ಮಾರ್ಕೆಟ್ ಇತ್ತಂತೆ, 1956ರಲ್ಲಿ ಕೆಡವಿ ಈಗಿನ ಕಾಂಕ್ರೀಟ್ ಗುಮ್ಮಟಗಳನ್ನು ಕಟ್ಟಿದರು. ವ್ಯಾಪಾರ ಉಳಿಯಿತು, ಕಟ್ಟಡ ಹೋಯಿತು. ಅಲ್ಲಿ ಸಾನ್ ಮಿಗೆಲ್‌ನಲ್ಲಿ ಉಲ್ಟಾ. ಎರಡರಲ್ಲಿ ಯಾವುದು ಲಾಭ ಅಂತ ವಿಮಾನದಲ್ಲೂ ಲೆಕ್ಕ ಹಾಕಿದೆ, ತಾಳೆಯಾಗಲಿಲ್ಲ.

ಹೋಗುವವರಿಗೆ: ಬೆಳಿಗ್ಗೆ ಹನ್ನೊಂದರ ಒಳಗೆ ಹೋಗಿ. ಅಲ್ಲಿಯವರ ಮಧ್ಯಾಹ್ನದ ಊಟ ಎರಡರ ನಂತರ, ರಾತ್ರಿಯದ್ದು ಒಂಬತ್ತರ ನಂತರ, ಆಗ ಭುಜ ತಿರುಗಿಸಲೂ ಜಾಗವಿಲ್ಲ. ಹೊಟ್ಟೆ ತುಂಬಿಸಿಕೊಂಡೇ ಹೋಗಿ. ಸಿಹಿ ಬೇಕಾದವರು ಹೊರಬಂದು ಸಾನ್ ಹಿನೆಸ್‌ಗೆ ನಡೆಯಿರಿ, 1894ರ ಅಂಗಡಿ. ಚಕ್ಕಲಿ ಒತ್ತಿದ ಹಾಗೆ ನಕ್ಷತ್ರದ ತೂತಿನಿಂದ ಎಣ್ಣೆಗೆ ಬಿಟ್ಟ ಚುರೋ, ಅದ್ದಿಕೊಳ್ಳಲು ಗಟ್ಟಿ ಬಿಸಿ ಚಾಕೊಲೇಟು. ಇವಳು ಇಡೀ ಸ್ಪೇನಿನಲ್ಲಿ ಎರಡನೇ ಸಲ ಕೇಳಿ ತಿಂದದ್ದು ಅದೊಂದೇ.

ಪಿಮೆಂತೋನ್ ಡಬ್ಬಿಯೊಂದನ್ನು ಹತ್ತಿರದ ಕಿರಾಣಿ ಅಂಗಡಿಯಲ್ಲಿ ಕೊಂಡು ತಂದೆ, ಕೆಂಪು ತಗಡಿನದ್ದು. ಗುರುವಾರ ಟೆಂಡರ್ ಮುಗಿದ ಮೇಲೆ ಗಾದಿಯ ಮೇಲೆ ಮುಚ್ಚಳ ತೆಗೆದಿಟ್ಟೆ. ಖರೀದಿದಾರರು ಒಬ್ಬೊಬ್ಬರೇ ಮೂಸಿ, ಬಣ್ಣ ಹೊಗಳಿ, ಕಿಲೋಗೆ ಏನು ಬೀಳುತ್ತದೆ ಅಂತ ಕೇಳಿದರು. ನಮ್ಮ ಹಳೇ ಹಮಾಲನಿಗೆ ಕೊಟ್ಟೆ. ಅವನು ಡಬ್ಬಿಯನ್ನು ಮೂಗಿಗೆ ಹಿಡಿದು, ನನ್ನ ಮುಖ ನೋಡಿ, ದನಿ ತಗ್ಗಿಸಿ ಕೇಳಿದ: "ಸಾವಕಾರ್ರ, ಯಾವ ಗೋಡೌನಿಗೆ ಬೆಂಕಿ ಬಿದ್ದಿತ್ರಿ?"