ಅಂಗಡಿ, ಮನೆ, ಸಾಲ ಮೂರೂ ಇರುವ ದಂಪತಿಗೆ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ: ನನ್ನ ಅನುಭವ

ನಮ್ಮದು ಕಾಂಡಿಮೆಂಟ್ಸ್ ವ್ಯಾಪಾರ. ಪಾಲುದಾರಿಕೆಯಲ್ಲಿ ಗಂಡ ಹೆಂಡತಿಗೆ ಅರ್ಧರ್ಧ. ಮನೆಯೂ ಜಂಟಿ ಹೆಸರಲ್ಲಿ, ಅದರ ಮೇಲೆ ಹೋಮ್ ಲೋನ್. ಬೇರೆಯಾಗುವುದು ಗಟ್ಟಿಯಾದ ಮೇಲೆ ಫ್ಯಾಮಿಲಿ ಕೋರ್ಟ್ ನಮ್ಮನ್ನು ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಿತು. ಈ ಕೇಂದ್ರ 2007ರಿಂದ ಇದೆ. ಕೋರ್ಟ್ ಕಳುಹಿಸಿದ ಕೇಸಿಗೆ ಫೀಸು ಇಲ್ಲ.

ಡೈವೋರ್ಸ್ ಆದರೆ ಅರ್ಧ ಆಸ್ತಿ ತಾನಾಗಿ ಬರುತ್ತದೆ ಅಂತ ನೆಂಟರೆಲ್ಲ ಹೇಳುತ್ತಾರೆ ಅಲ್ವಾ? ನಮ್ಮಲ್ಲಿ ಅಂಥ ಕಾನೂನು ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 27ನೇ ಸೆಕ್ಷನ್ ಮದುವೆ ಹೊತ್ತಿಗೆ ಇಬ್ಬರಿಗೂ ಸೇರಿ ಬಂದ ವಸ್ತುಗಳ ಬಗ್ಗೆ ಹೇಳುತ್ತದೆ, 25ನೇ ಸೆಕ್ಷನ್ ಜೀವನಾಂಶದ್ದು. ಸ್ತ್ರೀಧನ ಪೂರ್ತಿ ಹೆಂಡತಿಯದೇ. ಉಳಿದದ್ದಕ್ಕೆ ಕಾಗದ ಯಾರ ಹೆಸರಲ್ಲಿದೆ ಅನ್ನುವುದೇ ಮುಖ್ಯ. ವರ್ಷಗಟ್ಟಲೆ ಬೆಳಗ್ಗೆ ಎದ್ದು ಹಿಟ್ಟು ಕಲಸಿ, ಗಲ್ಲಾ ನೋಡಿಕೊಂಡು, ಸಂಬಳವನ್ನೂ ತೆಗೆದುಕೊಳ್ಳದೆ ದುಡಿದ ಹೆಂಗಸಿನ ಹೆಸರು ಪಾಲುದಾರಿಕೆ ಪತ್ರದಲ್ಲಿ ಇಲ್ಲದಿದ್ದರೆ ವ್ಯಾಪಾರದಲ್ಲಿ ಪಾಲು ಸಾಬೀತು ಮಾಡುವುದು ಬಹಳ ಕಷ್ಟ. ಇದು ದೊಡ್ಡ ಅನ್ಯಾಯ.

ಕೇಂದ್ರದಲ್ಲಿ ತರಬೇತಿ ಪಡೆದ ವಕೀಲರೊಬ್ಬರು ಮಧ್ಯಸ್ಥಗಾರರಾಗಿ ಕೂರುತ್ತಾರೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳುತ್ತಾರೆ, ಬೇರೆ ಬೇರೆಯಾಗಿಯೂ ಕೇಳುತ್ತಾರೆ. ನಮಗೆ ಸಿಕ್ಕವರು ಮನೆ ವಿಷಯ ಬದಿಗಿಟ್ಟು ಮೊದಲು ಅಂಗಡಿ ಹಿಡಿದರು. ಇನ್ನು ಮುಂದೆ ಯಾರು ನಡೆಸುತ್ತೀರಿ, ಅದರ ಬೆಲೆ ಎಷ್ಟು, ಸಾಲ ಯಾರ ತಲೆಗೆ? ಜಗಳ ಆಗಿದ್ದು ಬೆಲೆಯ ಮೇಲೆಯೇ. ಲೆಕ್ಕದ ಪುಸ್ತಕದಲ್ಲಿ ಮೆಷಿನ್, ಸ್ಟಾಕ್, ಮಳಿಗೆ ಮಾಲೀಕರಿಗೆ ಕೊಟ್ಟ ಅಡ್ವಾನ್ಸ್ ಇತ್ತು, ಆದರೆ ಹೆಸರು ಕೇಳಿ ಹುಡುಕಿಕೊಂಡು ಬರುವ ಗಿರಾಕಿಗಳಿಗೆ ಬೆಲೆ ಕಟ್ಟಿರಲಿಲ್ಲ. ಗುಡ್‌ವಿಲ್ ಅನ್ನೂ ಸೇರಿಸಿ ಅಂತ ನಾನು ಪಟ್ಟು ಹಿಡಿದೆ. ಮಧ್ಯಸ್ಥಗಾರರು ತಾಳ್ಮೆಯಿಂದ ಕೇಳಿದರು, ಅದಕ್ಕೆ ಅವರಿಗೆ ನಿಜಕ್ಕೂ ಕೃತಜ್ಞಳು. ಒಳಗೆ ಆಡಿದ ಮಾತು ಗೋಪ್ಯ, ಹಾಗಾಗಿ ಯಾರಿಗೆ ಎಷ್ಟು ಅಂತ ಬರೆಯುವುದಿಲ್ಲ. ಅಂಗಡಿ ಗಂಡನಿಗೆ ಹೋಯಿತು, ನಾನು ಹೊರಗೆ ಬಂದೆ, ಅಷ್ಟು ಸಾಕು.

ಆದರೆ ಮಧ್ಯಸ್ಥಗಾರರು ತೀರ್ಪು ಕೊಡುವುದಿಲ್ಲ, ನಿಮ್ಮ ಪರ ವಾದವನ್ನೂ ಮಾಡುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಿಮ್ಮ ವಕೀಲರಿಗೆ ತೋರಿಸಿ. ಇಬ್ಬರೇ ಪಾಲುದಾರರಿದ್ದು ಒಬ್ಬರು ಬಿಟ್ಟರೆ ಪಾಲುದಾರಿಕೆಯೇ ಮುಗಿಯುತ್ತದೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಅದನ್ನು ಸಾರ್ವಜನಿಕ ನೋಟಿಸ್ ಮೂಲಕ ತಿಳಿಸಬೇಕು, ಇಲ್ಲದಿದ್ದರೆ ಆಮೇಲೆ ಇನ್ನೊಬ್ಬರು ಅಂಗಡಿ ಹೆಸರಲ್ಲಿ ಮಾಡಿದ ಸಾಲಕ್ಕೂ ಸಾಲ ಕೊಟ್ಟವರು ನಿಮ್ಮ ಬಾಗಿಲು ತಟ್ಟಬಹುದು. ಬ್ಯಾಂಕ್ ಇನ್ನೊಂದು ತಲೆನೋವು. ಇಎಂಐ ಇನ್ನು ಮುಂದೆ ಒಬ್ಬರೇ ಕಟ್ಟುತ್ತಾರೆ ಅಂತ ನೀವಿಬ್ಬರೂ ಬರೆದುಕೊಂಡರೂ, ಲೋನ್ ಪತ್ರದಲ್ಲಿ ಇಬ್ಬರ ಸಹಿ ಇರುವ ತನಕ ಬ್ಯಾಂಕಿಗೆ ಇಬ್ಬರೂ ಸಾಲಗಾರರೇ. ನಮ್ಮ ಬ್ಯಾಂಕಿನವರು ನನ್ನ ಹೆಸರು ತೆಗೆಯಲು ಸುಮ್ನೆ ಅಲೆದಾಡಿಸಿದರು. ಇಂಥ ತಾರೀಕಿನೊಳಗೆ ಹೆಸರು ತೆಗೆಸಬೇಕು, ಆಗದಿದ್ದರೆ ಏನು ಮಾಡಬೇಕು ಅಂತ ಒಪ್ಪಂದದಲ್ಲೇ ಬರೆಸಿ.

ಹೊಡೆತ ಬಡಿತ ಇದ್ದರೆ, ಎದುರಿಗೆ ಕೂರಲು ಭಯ ಇದ್ದರೆ, ಇಲ್ಲಾ ಎದುರಿನವರು ಲೆಕ್ಕ ಮುಚ್ಚಿಡುತ್ತಿದ್ದರೆ ಈ ದಾರಿ ಬೇಡ. ಅದನ್ನು ಜಡ್ಜ್ ಮುಂದೆಯೇ ಹೇಳಿ. ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಸಾಲದ ಪೂರ್ತಿ ವಿವರವನ್ನು ಅಫಿಡವಿಟ್‌ನಲ್ಲಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಮಾತು ಕೂಡಿಬಂದರೆ ಷರತ್ತುಗಳನ್ನು ಸೇರಿಸಿ ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್ ಅಡಿ ಪರಸ್ಪರ ಒಪ್ಪಿಗೆಯ ಡೈವೋರ್ಸ್ ಅರ್ಜಿ ಹಾಕಬಹುದು. ಅರ್ಜಿ ಹಾಕಿದ ಮೇಲಿನ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಕೇಸುಗಳಲ್ಲಿ ಮನ್ನಾ ಮಾಡಲು ಸುಪ್ರೀಂ ಕೋರ್ಟಿನ 2017ರ ತೀರ್ಪಿನಲ್ಲಿ ಅವಕಾಶ ಇದೆ.

5ಕ್ಕೆ 4 ಕೊಡುತ್ತೇನೆ. ಹೋಗುವಾಗ ಪಾಲುದಾರಿಕೆ ಪತ್ರ, ಹಿಂದಿನ ವರ್ಷಗಳ ಐಟಿ ರಿಟರ್ನ್ಸ್, ಲೋನ್ ಸ್ಟೇಟ್‌ಮೆಂಟ್, ಮನೆಯ ಖಾತಾ ಎಲ್ಲದರ ಜೆರಾಕ್ಸ್ ಎರಡೆರಡು ಸೆಟ್ ಇಟ್ಟುಕೊಳ್ಳಿ.